ಸಸ್ಯವಿಜ್ಞಾನ ಓದುವವರು ಮೊದಲು ತಿಂಗಳು ನೋಡಿ: ಬಿ.ಗುಡಿನೋ, ಬೀದರೋ, ಡಿಗ್ರಿ ಕಾಲೇಜೋ, ಕೆನಡಾನೋ?

ಪಿಯು ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಕಲಬುರಗಿಯಲ್ಲಿ ಪಿಯು ಹುಡುಗರಿಗೆ ಜೀವಶಾಸ್ತ್ರ ಪಾಠ ಮಾಡುವವರ ಗತಿನೇ ಅಷ್ಟು. ನೀಟ್‌ನಲ್ಲಿ ಆಗಲ್ಲ ಅಂತ ಗೊತ್ತಾದವರು, ಮೊದಲಿಂದಲೂ ಡಾಕ್ಟರ್ ಆಗೋದು ಬೇಡ ಅಂದವರು, ಅಪ್ಪನ ಒತ್ತಾಯಕ್ಕೆ ಫೋನ್ ಮಾಡಿ ಆ ಕಡೆ ಸುಮ್ಮನೆ ನಿಂತವರು, ಎಲ್ಲರೂ ಬರುತ್ತಾರೆ. ಇತ್ತೀಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. ‘ಸರ್, ಗಿಡ, ಬೆಳೆ ಇವುಗಳ ಬಗ್ಗೆ ಓದಬೇಕು. ಬರೀ ಪುಸ್ತಕ ಬೇಡ. ಓದುತ್ತಲೇ ಕೆಲಸ ಮಾಡುವಂಥ ಕೋರ್ಸ್ ಯಾವುದಿದೆ?’

ಈ ಸಲ ಕೇಳಿದ್ದು ನಮ್ಮ ಅಣ್ಣನ ಮಗಳು. ಕೆನಡಾದ ಕೋ-ಆಪ್ ಕೋರ್ಸಿನ ಬಗ್ಗೆ ಒಂದು ವಿಡಿಯೋ ನೋಡಿ ಬಂದಿದ್ದಳು. ಕಟ್ಟೆ ಮೇಲೆ ಕೂತಿದ್ದ ನಮ್ಮಪ್ಪ ‘ಕೋ-ಆಪ್’ ಅನ್ನೋದು ಕಿವಿಗೆ ಬಿದ್ದದ್ದೇ, ‘ಸೊಸೈಟಿಗಿ ಯಾಕ ಹೋಗ್ತಿ, ಗೊಬ್ಬರ ನಾ ತಂದೀನಿ’ ಅಂದರು. ನಮ್ಮ ಕಡೆ ಕೋ-ಆಪ್ ಅಂದರೆ ಸಾಲ, ಗೊಬ್ಬರ, ಷೇರು ಪಾವತಿ. ಅದು ಬೇರೆ, ಇದು ಬೇರೆ.

ಇದು ಹೀಗೆ. ಒಂದು ಅವಧಿ ಕ್ಲಾಸಿನಲ್ಲಿ ಓದು, ಒಂದು ಅವಧಿ ಯಾವುದೋ ಕಂಪನಿ, ಪ್ರಯೋಗಾಲಯ ಅಥವಾ ಬೀಜ ಸಂಸ್ಥೆಯಲ್ಲಿ ಪೂರ್ತಿ ಕೆಲಸ, ಮತ್ತೆ ಕ್ಲಾಸು. ಕೆಲಸದ ಅವಧಿ ಸಾಮಾನ್ಯವಾಗಿ 4 ತಿಂಗಳು, ಮತ್ತು ಅದಕ್ಕೆ ಸಂಬಳ ಇರುತ್ತದೆ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಹುಡುಗರಿಗಾಗಿ ಇದು ಶುರುವಾಯಿತು. ಕೆನಡಾದಲ್ಲಿ 1957ರಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯ ಹಿಡಿದುಕೊಂಡಿತು, ಆಮೇಲೆ ಕೃಷಿ, ಜೀವವಿಜ್ಞಾನಕ್ಕೂ ಹಬ್ಬಿತು.

ಇದೇ ಹೆಸರಿನ ಕೋರ್ಸು ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಹುಡುಕಿದರೆ ಸಿಗಲ್ಲ. ಹಾಗಂತ ಓದಿನ ಜೊತೆ ಕೆಲಸ ಕಲಿಸುವ ದಾರಿಗಳೇ ಇಲ್ಲ ಅಂತಲ್ಲ, ಇವೆ. ಅವನ್ನು ಹೋಲಿಸುವಾಗ ಎಲ್ಲರೂ ಫೀಸು, ಹಾಸ್ಟೆಲ್, ನೌಕರಿ ನೋಡುತ್ತಾರೆ. ನಾನು ಹೇಳೋದು, ಮೊದಲು ತಿಂಗಳು ನೋಡಿ. ನಿಮ್ಮನ್ನು ಹೊರಗೆ ಕೆಲಸಕ್ಕೆ ಕಳಿಸುವುದು ಯಾವ ತಿಂಗಳಲ್ಲಿ? ಆ ತಿಂಗಳು ಹೊಲದಲ್ಲಿ ಏನಿರುತ್ತದೆ?

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ನಾನು ಓದಿದ್ದು ಸಾದಾ ಬಿಎಸ್ಸಿ, ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಆಮೇಲೆ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ. ಬಿಎಸ್ಸಿ ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ ‘ತರಬೇತಿ’ ಅಂತ ಒಂದು ನರ್ಸರಿಗೆ ಹೋಗಿದ್ದೆ, ಹೆಸರು ಬೇಡ ಬಿಡಿ. ಏಪ್ರಿಲ್ ಕೊನೆ. ಕಲಬುರಗಿಯ ಏಪ್ರಿಲ್ ಅಂದರೆ ಗೊತ್ತಲ್ಲ, ಹನ್ನೊಂದು ಗಂಟೆಗೆ ರಸ್ತೆ ಮೇಲೆ ನಾಯಿಯೂ ಇರಲ್ಲ. ಸುತ್ತ ಎರೆ ಹೊಲ ಪೂರ್ತಿ ಖಾಲಿ, ಬಿರುಕು ಬಿಟ್ಟು ಕೈ ತೂರುವಷ್ಟು ಆಗಿತ್ತು. ಕಲಿಯಲಿಕ್ಕೆ ಬೆಳೆನೇ ಇಲ್ಲ. ಮೂರು ವಾರ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿಸಿದರು. ಕೊನೆ ದಿನ ‘ಸಸ್ಯ ಪ್ರಸರಣದಲ್ಲಿ ತರಬೇತಿ ಪಡೆದಿದ್ದಾರೆ’ ಅಂತ ಸರ್ಟಿಫಿಕೇಟ್ ಕೊಟ್ಟರು. ನಾನು ಪ್ರಸರಣ ಮಾಡಿದ್ದು ಮಣ್ಣನ್ನು ಮಾತ್ರ.

ಅದೇ ಹೊತ್ತಿಗೆ ಭೀಮರಾಯನಗುಡಿಯಲ್ಲಿ ಬಿಎಸ್ಸಿ ಅಗ್ರಿ ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗಳ ಕಥೆ ಬೇರೆ. ಅವಳನ್ನು ಹಳ್ಳಿಗೆ ಕಳಿಸಿದ್ದು ತೊಗರಿ ಹೂ ಬಿಡುವ ಹೊತ್ತಿಗೆ.

ಭೀಮರಾಯನಗುಡಿ ಅಂದರೆ ಯಾದಗಿರಿ ಜಿಲ್ಲೆ, ಶಹಾಪುರ ತಾಲ್ಲೂಕು. ನಾವು ಬಿ.ಗುಡಿ ಅಂತೀವಿ. ಅಲ್ಲಿಯ ಕೃಷಿ ಕಾಲೇಜು, ಕಲಬುರಗಿಯ ಆಳಂದ ರಸ್ತೆಯ ಕೃಷಿ ಕಾಲೇಜು, ಎರಡೂ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಬಿಎಸ್ಸಿ ಆನರ್ಸ್ ಕೃಷಿ 4 ವರ್ಷ, 8 ಸೆಮಿಸ್ಟರ್. ಇದರಲ್ಲಿ ಕೋ-ಆಪ್‌ಗೆ ಹತ್ತಿರವಾದದ್ದು ಕೊನೆಯ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವ, ಹುಡುಗರ ಬಾಯಲ್ಲಿ ‘ರಾವೆ’. ಕೃಷಿ ಡಿಗ್ರಿಗೆ ದೇಶಕ್ಕೆಲ್ಲ ಪಠ್ಯಕ್ರಮ ಹಾಕಿಕೊಟ್ಟ ಐದನೇ ಡೀನ್ ಸಮಿತಿಯ ಲೆಕ್ಕದಲ್ಲಿ ಇದು 20 ವಾರ ಇತ್ತು. ಅದರಲ್ಲಿ 8 ವಾರ ಹಳ್ಳಿಯಲ್ಲೇ ವಾಸ, 5 ವಾರ ಕೆವಿಕೆ (ಕೃಷಿ ವಿಜ್ಞಾನ ಕೇಂದ್ರ) ಅಥವಾ ಸಂಶೋಧನಾ ಕೇಂದ್ರ, 2 ವಾರ ಸಸ್ಯ ಚಿಕಿತ್ಸಾಲಯ, 3 ವಾರ ಕೃಷಿ ಉದ್ಯಮ. ಉಳಿದದ್ದು ಶುರುವಿನ ತಯಾರಿ, ಕೊನೆಯ ವರದಿ. ಇನ್ನೊಂದು ಸೆಮಿಸ್ಟರ್‌ನಲ್ಲಿ ಅಣಬೆ, ಬೀಜೋತ್ಪಾದನೆ, ಜೈವಿಕ ಗೊಬ್ಬರ ಇಂಥದ್ದನ್ನು ತಾವೇ ಮಾಡಿ ಮಾರಿ ಲೆಕ್ಕ ಇಡುವ ಕಲಿಕೆ ಇರುತ್ತದೆ.

ಹಳ್ಳಿಯ ವಾಸ ಅಂದರೆ ಮೊದಲ ವಾರ ಗುಡಿ ಮುಂದೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸೋದು, ಮನೆ ಮನೆ ಸುತ್ತೋದು, ‘ಯಾರ ಪೈಕಿ ನೀವು’ ಅನ್ನೋ ಪ್ರಶ್ನೆಗೆ ದಿನಾ ಉತ್ತರ ಕೊಡೋದು. ನಿಜವಾದ ಕೆಲಸ ಆಮೇಲೆ. ಅವಳು ಹೇಳಿದ ಒಂದು ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬ ರೈತರ ಹೊಲದಲ್ಲಿ ತೊಗರಿ ಅಲ್ಲಲ್ಲಿ ಗುಂಪು ಗುಂಪಾಗಿ ಬಾಡಿತ್ತು. ನೆಲದಲ್ಲಿ ಹಸಿ ಇತ್ತು, ಆದರೂ ಎಲೆ ಹಳದಿ, ತುದಿ ಜೋಲು. ರೈತರು ನೀರು ಸಾಲಲಿಲ್ಲ ಅಂದುಕೊಂಡಿದ್ದರು. ಇವಳು ಒಂದು ಗಿಡ ಕಿತ್ತು ನೋಡಿದರೆ ಬುಡದಿಂದ ಮೇಲಕ್ಕೆ ಕಾಂಡದ ಒಂದೇ ಮಗ್ಗುಲಿಗೆ ನೇರಳೆ ಬಣ್ಣದ ಪಟ್ಟಿ. ಬ್ಲೇಡಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿದಳು. ತೊಗಟೆ ಕೆಳಗೆ ಕಟ್ಟಿಗೆಯ ಮೇಲೆ ಕಂದುಗಪ್ಪು ಗೆರೆಗಳು, ಪೆನ್ಸಿಲ್‌ನಲ್ಲಿ ಎಳೆದ ಹಾಗೆ. ನೆಟೆ ರೋಗ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಗೆ ಹೋಗಿ ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ‘ಎಷ್ಟು ವರ್ಷ ಆಯ್ತು ಈ ಹೊಲಕ್ಕೆ ತೊಗರಿನೇ ಹಾಕ್ತಾ?’ ಅಂತ ಕೇಳಿದ್ದಕ್ಕೆ ‘ನಮ್ಮಪ್ಪನ ಕಾಲದಿಂದ’ ಅಂದರಂತೆ. ರೋಗಾಣು ಹೊಲದಲ್ಲಿ ಉಳಿದ ಕೂಳೆಯಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ, ಅದಕ್ಕೇ ಜೋಳ ಹಾಕಿ ಬೆಳೆ ಬದಲಿಸಬೇಕು, ಬೀಜಕ್ಕೆ ಟ್ರೈಕೊಡರ್ಮಾ ಅನ್ನೋ ಒಳ್ಳೆಯ ಶಿಲೀಂಧ್ರ ಸವರಬೇಕು, ನೆಟೆ ತಡೆಯುವ ತಳಿ ಹಾಕಬೇಕು. ಇದೆಲ್ಲ ನಾನೂ ಎಂಎಸ್ಸಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಚೆನ್ನಾಗಿ ಬರೆದೂ ಇದ್ದೆ. ಆದರೆ ಆ ಕಪ್ಪು ಗೆರೆಯನ್ನು ನಾನು ಮೊದಲು ನೋಡಿದ್ದು ಅವಳು ಪೇಪರಿನಲ್ಲಿ ಸುತ್ತಿ ತಂದ ಕಾಂಡದಲ್ಲಿ.

ಇದೇ ರಾವೆ ಮಾರ್ಚಿನಲ್ಲಿ ನಡೆದಿದ್ದರೆ? ತೊಗರಿ ಕಟಾವಾಗಿ ಕಟ್ಟಿಗೆ ಒಲೆಗೆ ಹೋಗಿರುತ್ತಿತ್ತು. ನಮ್ಮಲ್ಲಿ ತೊಗರಿ ಜೂನ್-ಜುಲೈಗೆ ಬಿತ್ತನೆ, ಅಕ್ಟೋಬರ್-ನವೆಂಬರ್‌ಗೆ ಹೂವು, ಡಿಸೆಂಬರ್-ಜನವರಿಗೆ ರಾಶಿ. ರಾವೆ ಬರುವ ಸೆಮಿಸ್ಟರ್ ಮುಂಗಾರಿನಲ್ಲಿ, ಸರಿಯಾದ ಸಮಯಕ್ಕೆ ಶುರುವಾದರೆ ಮುಂಗಾರು ಬೆಳೆ ಪೂರ್ತಿ ಕೈಗೆ ಸಿಗುತ್ತದೆ, ಹಿಂಗಾರಿ ಕಡಲೆ-ಜೋಳದ ಬಿತ್ತನೆಯೂ ಸಿಗುತ್ತದೆ. ಆದರೆ ಅಡ್ಮಿಷನ್ ತಡವಾಗಿ ಕ್ಯಾಲೆಂಡರ್ ಜಾರಿದ ಬ್ಯಾಚುಗಳೂ ಇರುತ್ತವೆ. ಅದಕ್ಕೆ ಕಾಲೇಜು ನೋಡಲಿಕ್ಕೆ ಹೋದಾಗ ಹಾಸ್ಟೆಲ್ ಊಟ ಹೇಗಿದೆ ಅಂತ ಕೇಳುವ ಮೊದಲು ಸೀನಿಯರ್ ಹತ್ತಿರ ಒಂದೇ ಮಾತು ಕೇಳಿ: ‘ನಿಮ್ಮ ಬ್ಯಾಚು ಹಳ್ಳಿಗೆ ಹೋದದ್ದು ಯಾವ ತಿಂಗಳು?’

ರಾವೆಯ ಕೊರತೆಯನ್ನೂ ಹೇಳಿಬಿಡುತ್ತೇನೆ. ರೈತರು ಚಹಾ ಕೊಡುತ್ತಾರೆ, ಪ್ರೀತಿ ಇದ್ದರೆ ರೊಟ್ಟಿ-ಪುಂಡಿಪಲ್ಯ ಕೊಡುತ್ತಾರೆ, ಸಂಬಳ ಕೊಡಲ್ಲ. ನೀವು ಇಲ್ಲದಿದ್ದರೂ ಅವರ ಹೊಲ ನಡೆಯುತ್ತದೆ. ನೀವು ತಪ್ಪು ಮಾಡಿದರೆ ಬಯ್ಯುವ ಮಾಲೀಕ ಇಲ್ಲ. ಹಾಗಾಗಿ ಸೋಮಾರಿ ಹುಡುಗರು ಎಂಟು ವಾರ ಫೋಟೋ ತೆಗೆದು ವರದಿಗೆ ಅಂಟಿಸಿ ಪಾಸಾಗುತ್ತಾರೆ. ಕೋ-ಆಪ್‌ನಲ್ಲಿ ಇದು ಕಷ್ಟ. ಅಲ್ಲಿ ದುಡ್ಡು ಕೊಡುವವರಿಗೆ ನಿಮ್ಮಿಂದ ಕೆಲಸ ಆಗಲೇಬೇಕು.

ಬಿ.ಗುಡಿನೋ ಕಲಬುರಗಿನೋ ಅಂತ ಕೇಳುವವರಿಗೆ: ಡಿಗ್ರಿ ಒಂದೇ, ಸುತ್ತಲಿನ ಹೊಲ ಬೇರೆ. ಬಿ.ಗುಡಿ ಸುತ್ತ ಕೃಷ್ಣೆಯ ನಾರಾಯಣಪುರ ಎಡದಂಡೆ ಕಾಲುವೆಯ ನೀರು. ಭತ್ತ, ಹತ್ತಿ, ಮೆಣಸಿನಕಾಯಿ. ನೀರು ಜಾಸ್ತಿಯಾಗಿ ಸವುಳಾದ ನೆಲವನ್ನೂ ಅಲ್ಲೇ ನೋಡಬಹುದು. ಕಲಬುರಗಿ ಮಳೆಯಾಶ್ರಿತ, ತೊಗರಿಯ ಮನೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆಳಂದ ರಸ್ತೆಯ ಸಂಶೋಧನಾ ಕೇಂದ್ರದಲ್ಲಿ ತೊಗರಿ ತಳಿಗಳ ಕೆಲಸ ಬಹಳ ವರ್ಷದಿಂದ ನಡೆದಿದೆ, ಟಿಎಸ್-3ಆರ್, ಜಿಆರ್‌ಜಿ-811 ಅನ್ನೋ ಹೆಸರು ನಮ್ಮ ಕಡೆ ರೈತರಿಗೆ ಬಾಯಿಪಾಠ. ತಳಿ ಅಭಿವೃದ್ಧಿ ಇಷ್ಟ ಇದ್ದವರಿಗೆ ಕಲಬುರಗಿ, ನೀರು-ಮಣ್ಣು ಇಷ್ಟ ಇದ್ದವರಿಗೆ ಬಿ.ಗುಡಿ ಅಂತೀನಿ ನಾನು.

ಇನ್ನು ಬೀದರ್. ಅಲ್ಲಿರುವುದು ತೋಟಗಾರಿಕೆ ಕಾಲೇಜು, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. (ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇದೆ, ಪ್ರತಿ ವರ್ಷ ಒಬ್ಬರಾದರೂ ಎರಡನ್ನೂ ಕಲಸಿಕೊಂಡು ಫೋನ್ ಮಾಡುತ್ತಾರೆ.) ಇಲ್ಲೂ 4 ವರ್ಷ, ಇಲ್ಲೂ ಹಳ್ಳಿಯ ಕಾರ್ಯಾನುಭವ. ನನ್ನ ತಿಂಗಳ ಲೆಕ್ಕದಲ್ಲಿ ತೋಟಗಾರಿಕೆಗೆ ಒಂದು ದೊಡ್ಡ ಅನುಕೂಲ ಇದೆ: ತೋಟ ಖಾಲಿ ಇರಲ್ಲ. ಏಪ್ರಿಲ್-ಮೇಗೆ ಮಾವು ಇರುತ್ತದೆ, ಮಳೆಗಾಲಕ್ಕೆ ಕಸಿ ಕಟ್ಟುವ ಕೆಲಸ, ಚಳಿಗಾಲಕ್ಕೆ ತರಕಾರಿ, ಪಾಲಿಹೌಸ್ ಇದ್ದರೆ ವರ್ಷಪೂರ್ತಿ. ಮಾವಿನ ಕಸಿ ಒಂದನ್ನೇ ತಗೊಳ್ಳಿ. ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು, ಕಸಿಕಡ್ಡಿಯ ಬುಡವನ್ನು ಎರಡೂ ಕಡೆ ಬೆಣೆಯ ಹಾಗೆ ಹೆರೆಯಬೇಕು, ಒಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಓದಿದರೆ ಎರಡು ನಿಮಿಷ. ಮೊದಲ ಐವತ್ತು ಕಸಿ ಒಣಗಿ ಹೋಗುತ್ತವೆ. ಚಾಕು ಮೊಂಡಿದ್ದರೆ, ಕೈ ನಡುಗಿದರೆ, ಕಡ್ಡಿಯ ತೊಗಟೆ ಸಸಿಯ ತೊಗಟೆಗೆ ತಾಗದಿದ್ದರೆ ಕೂಡಲ್ಲ. ಆದರೆ ಕೈ ಕೂತಿತೋ, ಅದು ಡಿಗ್ರಿಗಿಂತ ಮುಂಚೆಯೇ ಅನ್ನ ಹಾಕುವ ವಿದ್ಯೆ. ಸ್ವಂತ ನರ್ಸರಿ, ಹೂವು, ಹಣ್ಣಿನ ವ್ಯಾಪಾರ ತಲೆಯಲ್ಲಿ ಇರುವವರು ಬೀದರನ್ನು ಎರಡನೇ ಆಯ್ಕೆ ಅಂತ ಬರೆಯಬೇಡಿ, ಮೊದಲನೆಯದಾಗಿಯೇ ಬರೆಯಿರಿ.

ಸಾದಾ ಬಿಎಸ್ಸಿ ಸಸ್ಯಶಾಸ್ತ್ರದ ಬಗ್ಗೆ ಎಲ್ಲರೂ ಮೂಗು ಮುರಿಯುತ್ತಾರೆ. ನಾನು ಮುರಿಯಲ್ಲ, ಅದರಲ್ಲೇ ಬೆಳೆದವನು. ಒಂದು ಮಾತು ನೇರವಾಗಿ ಹೇಳುತ್ತೇನೆ: ಬಿಎಸ್ಸಿ ಅಗ್ರಿ ಅಂದರೆ ಬರೀ ಸಸ್ಯವಿಜ್ಞಾನ ಅಲ್ಲ. ಅದರಲ್ಲಿ ಮಣ್ಣು, ಕೀಟ, ಅರ್ಥಶಾಸ್ತ್ರ, ವಿಸ್ತರಣೆ, ಯಂತ್ರ, ದನ ಎಲ್ಲ ಬರುತ್ತದೆ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ. ತೊಗರಿ ಗಿಡ ಹಗಲು ಕಡಿಮೆಯಾದಾಗಲೇ ಯಾಕೆ ಹೂ ಬಿಡುತ್ತದೆ, ಅದಕ್ಕೆ ದಿನದ ಉದ್ದ ಹೇಗೆ ಗೊತ್ತಾಗುತ್ತದೆ, ಈ ಥರದ ಪ್ರಶ್ನೆಗೆ ನಿದ್ದೆ ಬಿಡುವ ಹುಡುಗರಿಗೆ ಸಸ್ಯಶಾಸ್ತ್ರವೇ ಸರಿ. ಖರ್ಚು ಕಡಿಮೆ, ಊರಲ್ಲೇ ಕಾಲೇಜು, ಮುಂದೆ ಎಂಎಸ್ಸಿಗೆ ಗುಲಬರ್ಗಾ ವಿಶ್ವವಿದ್ಯಾಲಯ. 2021ರಲ್ಲಿ ಬಂದ 4 ವರ್ಷದ ಪದ್ಧತಿ 2024-25ರಿಂದ ನಮ್ಮ ರಾಜ್ಯದಲ್ಲಿ ಹೋಗಿ ಮತ್ತೆ 3 ವರ್ಷ ಆಗಿದೆ.

ತೊಂದರೆ ಎಲ್ಲಿದೆ ಅಂದರೆ ಕೆಲಸ ಕಲಿಯುವ ಭಾಗದಲ್ಲಿ. ಇಲ್ಲಿ ಇಂಟರ್ನ್‌ಶಿಪ್ ಅಂದರೆ ಬಹಳ ಕಡೆ ಬೇಸಿಗೆ ರಜೆಯ ಕೆಲಸ, ಅಂದರೆ ನನ್ನ ಮಣ್ಣಿನ ಚೀಲದ ಕಥೆ. ಅದಕ್ಕೆ ಈಗ ನನ್ನ ಹಳೇ ವಿದ್ಯಾರ್ಥಿಗಳಿಗೆ ಬೇರೆ ದಾರಿ ಹೇಳುತ್ತೇನೆ. ಬೇಸಿಗೆಯಲ್ಲಿ ಹೋಗುವುದಾದರೆ ಪ್ರಯೋಗಾಲಯಕ್ಕೆ ಹೋಗಿ, ಅಂಗಾಂಶ ಕೃಷಿ, ಬೀಜ ಪರೀಕ್ಷೆ, ಮಣ್ಣು ಪರೀಕ್ಷೆ, ಇವಕ್ಕೆ ಬಿಸಿಲಿನ ಹಂಗಿಲ್ಲ. ಹೊಲ ಬೇಕಾದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಭಾನುವಾರ ಬಿಟ್ಟು ಸಿಗುವ ಅರ್ಧ ದಿನಗಳನ್ನು, ದಸರಾ ದೀಪಾವಳಿ ರಜೆಯನ್ನು ಕೂಡಿಸಿಕೊಂಡು ಕೆವಿಕೆಗೆ ಹೋಗಿ. ವಿಭಾಗದ ಮುಖ್ಯಸ್ಥರ ಪತ್ರ ಇಲ್ಲದೆ ಹೋಗಬೇಡಿ, ಬಾಗಿಲಲ್ಲೇ ನಿಲ್ಲಿಸುತ್ತಾರೆ. ‘ಏನಾದರೂ ಕಲಿಸಿ’ ಅಂತ ಹೋದರೆ ಯಾರಿಗೂ ಪುರುಸೊತ್ತಿಲ್ಲ. ‘ಕಾಯಿಕೊರಕದ ಲೆಕ್ಕ ಬರೆದುಕೊಡುತ್ತೇನೆ, ವಾರಕ್ಕೆ ಎರಡು ದಿನ ಬರುತ್ತೇನೆ’ ಅಂತ ಹೋಗಿ. ತೊಗರಿ ಗಿಡ ಅಲುಗಾಡಿಸಿ ಕೆಳಗೆ ಹಾಸಿದ ಬಟ್ಟೆ ಮೇಲೆ ಬಿದ್ದ ಹುಳ ಎಣಿಸುವ ಕೆಲಸಕ್ಕೆ ಯಾವತ್ತೂ ಜನ ಕಡಿಮೆಯೇ.

ಬೀದರಿನವರಿಗೆ ಇನ್ನೊಂದು ಬಾಗಿಲಿದೆ, ಬಹಳ ಜನಕ್ಕೆ ನೆನಪೇ ಇರಲ್ಲ. ಜಹೀರಾಬಾದ್ ಮೇಲೆ ಹೈದರಾಬಾದ್ ಬಸ್ ಹಿಡಿದರೆ ಊರು ಸೇರುವ ಮೊದಲೇ ಪಟಾನ್‌ಚೆರು ಬರುತ್ತದೆ. ಅಲ್ಲಿ 1972ರಿಂದ ಇಕ್ರಿಸ್ಯಾಟ್ ಇದೆ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಅವರ ಬೆಳೆಗಳು, ಅಂದರೆ ಹೆಚ್ಚುಕಮ್ಮಿ ನಮ್ಮನೆ ಅಡುಗೆಯ ಪಟ್ಟಿ. ತೊಗರಿ ಒಂದರದ್ದೇ 13 ಸಾವಿರಕ್ಕೂ ಜಾಸ್ತಿ ಮಾದರಿ ಬೀಜ ಅವರ ಜೀನ್ ಬ್ಯಾಂಕಿನಲ್ಲಿದೆ. 1986ರಲ್ಲಿ ನಮ್ಮ ರಾಜ್ಯದಲ್ಲಿ ಬಿಡುಗಡೆಯಾದ, ನೆಟೆ ರೋಗ ತಡೆಯುವ ಮಾರುತಿ ತಳಿ ಅಲ್ಲಿಂದಲೇ ಬಂದದ್ದು. ಎಂಎಸ್ಸಿ ಪ್ರಾಜೆಕ್ಟ್ ಅಲ್ಲಿ ಮಾಡಲಿಕ್ಕೆ ಪ್ರಯತ್ನಿಸಿ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಇಂಗ್ಲಿಷಿನಲ್ಲಿ ನೆಟ್ಟಗೆ ಒಂದು ಪುಟದ ಪತ್ರ ಬರೆಯಲು ಬರಬೇಕು.

ಈಗ ಕೆನಡಾ. ಅಣ್ಣನ ಮಗಳ ವಿಡಿಯೋ ಸುಳ್ಳಲ್ಲ. ಗ್ವೆಲ್ಫ್‌ನಲ್ಲಿ 1874ರಿಂದ ಕೃಷಿ ಕಾಲೇಜು ಇದೆ. ಸಸ್ಕಾಚೆವಾನ್ ವಿಶ್ವವಿದ್ಯಾಲಯದಲ್ಲಿ 1971ರಿಂದ ಬೆಳೆ ಅಭಿವೃದ್ಧಿ ಕೇಂದ್ರ ಇದೆ. ಕೆನಡಾದ ಮಸೂರ್ ಬೇಳೆಯಲ್ಲಿ ಬಹುಪಾಲು ಬೆಳೆಯುವುದು ಆ ಪ್ರಾಂತ್ಯದಲ್ಲೇ, ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ರೇಟು ಬಿದ್ದಾಗ ನಾವು ಬೈಯುವ ಹಳದಿ ಬಟಾಣಿಯೂ ಅಲ್ಲಿಂದ ಬರುತ್ತದೆ. ತಿಂಗಳ ಲೆಕ್ಕದಲ್ಲಿ ಅವರದ್ದು ಅಚ್ಚುಕಟ್ಟು: ಕೆಲಸದ ಒಂದು ಅವಧಿ ಮೇಯಿಂದ ಆಗಸ್ಟ್‌, ಅಲ್ಲಿ ಬಿತ್ತನೆ ಮೇ, ಕಟಾವು ಆಗಸ್ಟ್-ಸೆಪ್ಟೆಂಬರ್. ಹಿಮ ಕರಗಿದ ಹೊಲಕ್ಕೆ ಬೀಜ ಬಿದ್ದಾಗಿನಿಂದ ಕಾಳು ಬಲಿಯುವವರೆಗೆ ಹುಡುಗರು ಅಲ್ಲೇ ಇರುತ್ತಾರೆ. ನಾನು ಅಸೂಯೆ ಪಡುವುದು ಸಂಬಳಕ್ಕಲ್ಲ, ಈ ಕ್ಯಾಲೆಂಡರಿಗೆ.

ಆದರೆ ವಿಡಿಯೋದಲ್ಲಿ ಹೇಳದ್ದು ಬಹಳ ಇದೆ. ಕೋ-ಆಪ್‌ಗೆ ಸೇರಿದರೆ ಕೆಲಸ ತಾನೇ ಸಿಗಲ್ಲ. ಕಾಲೇಜಿನ ಕಚೇರಿ ಖಾಲಿ ಜಾಗ ತೋರಿಸುತ್ತದೆ, ಅರ್ಜಿ ಹಾಕಿ ಸಂದರ್ಶನ ಗೆಲ್ಲಬೇಕಾದವರು ನೀವೇ. ಡಿಗ್ರಿ ಸಾಮಾನ್ಯವಾಗಿ 5 ವರ್ಷಕ್ಕೆ ಎಳೆಯುತ್ತದೆ. ಹೊರದೇಶದವರ ಫೀಸು ಅಲ್ಲಿಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಕೋ-ಆಪ್ ಸಂಬಳ ಅದನ್ನು ತುಂಬಲ್ಲ. ಫೀಸು ಬಿಟ್ಟು ಮೊದಲ ವರ್ಷದ ಖರ್ಚಿಗೇ 20 ಸಾವಿರ ಕೆನಡಾ ಡಾಲರಿಗಿಂತ ಜಾಸ್ತಿ ತೋರಿಸಬೇಕು. 2024ರಿಂದ ವಿದ್ಯಾರ್ಥಿ ಪರವಾನಗಿಗೂ ಮಿತಿ ಹಾಕಿದ್ದಾರೆ. ಎಂಟು ಎಕರೆ ಒಣಬೇಸಾಯದವರು ಹೊಲ ಮಾರಿ ಬಿಎಸ್ಸಿಗೆ ಕಳಿಸುವುದು ನನಗೆ ಸರಿ ಕಾಣಲ್ಲ. ಹೊಲದ ಬಗ್ಗೆ ಓದಲಿಕ್ಕೆ ಹೊಲವನ್ನೇ ಮಾರೋದಾ? ಇಲ್ಲಿ ಬಿಎಸ್ಸಿ ಅಗ್ರಿ ಮುಗಿಸಿ, ವಿದ್ಯಾರ್ಥಿವೇತನ ಹಿಡಿದು ಎಂಎಸ್ಸಿಗೆ ಹೋಗೋದು ಬೇರೆ ಮಾತು. ಅದಕ್ಕೆ ನಾನೇ ಶಿಫಾರಸು ಪತ್ರ ಬರೆದುಕೊಡುತ್ತೇನೆ.

ನೌಕರಿ ಬಗ್ಗೆ ಚುಟುಕಾಗಿ. ಕೃಷಿ ಇಲಾಖೆಯ ಕೃಷಿ ಅಧಿಕಾರಿ, ಬ್ಯಾಂಕಿನ ಕೃಷಿ ಕ್ಷೇತ್ರ ಅಧಿಕಾರಿ, ಇವೆರಡಕ್ಕೆ ಸಸ್ಯಶಾಸ್ತ್ರದ ಬಿಎಸ್ಸಿ ನಡೆಯಲ್ಲ. ಬ್ಯಾಂಕಿಗೆ ಕೃಷಿ, ತೋಟಗಾರಿಕೆ ಥರದ 4 ವರ್ಷದ ಡಿಗ್ರಿ ಬೇಕು. ಇದನ್ನು ಮೂರನೇ ವರ್ಷದಲ್ಲಿ ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ಸಸ್ಯಶಾಸ್ತ್ರದವರಿಗೆ ಬಿಎಡ್, ಭಾರತೀಯ ಅರಣ್ಯ ಸೇವೆ, ಸಂಶೋಧನೆ ತೆರೆದಿವೆ. ಕೀಟನಾಶಕ ಅಂಗಡಿಯ ಲೈಸೆನ್ಸಿಗೂ ಸಸ್ಯಶಾಸ್ತ್ರ ಓದಿದ ಬಿಎಸ್ಸಿ ಸಾಕು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕಾಗದಪತ್ರ ತಡ ಮಾಡಬೇಡಿ. 371ಜೆ ಪ್ರಮಾಣಪತ್ರ (ಸಂವಿಧಾನದ ಆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರು ಅನ್ನೋದಕ್ಕೆ ಪುರಾವೆ) ಇದ್ದರೆ ನಮ್ಮ ಭಾಗದ ಕಾಲೇಜುಗಳಲ್ಲಿ 70 ಶೇಕಡಾ ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆಯೂ 8 ಶೇಕಡಾ. ಕೃಷಿ, ತೋಟಗಾರಿಕೆ ಎರಡಕ್ಕೂ ಸಿಇಟಿ ಬರೆಯಬೇಕು. ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ: ಬೀಜ, ಸಲಕರಣೆ, ಗೊಬ್ಬರ ಮುಂದಿಟ್ಟು ಗುರುತಿಸಿ ಅನ್ನುತ್ತಾರೆ. ಹೊಲ ಇರೋ ಮನೆಯ ಮಕ್ಕಳೇ ಅದರಲ್ಲಿ ತಡವರಿಸುತ್ತಾರೆ, ಯಾಕಂದರೆ ಅವರು ಬೆಳೆದದ್ದು ಕಲಬುರಗಿಯ ಬಾಡಿಗೆ ರೂಮಿನಲ್ಲಿ, ಟ್ಯೂಷನ್ನಿಗೆ.

ನಮ್ಮ ಹುಡುಗಿ ಕೊನೆಗೆ ಬಿ.ಗುಡಿ ಮೊದಲು, ಕಲಬುರಗಿ ಎರಡನೆಯದು, ಬೀದರ್ ಮೂರು ಅಂತ ಬರೆದುಕೊಂಡಿದ್ದಾಳೆ. ನಾನು ಕಲಬುರಗಿ ಮೊದಲು ಬರಿ ಅಂದಿದ್ದೆ, ಕೇಳಲಿಲ್ಲ. ಮನೆಯಿಂದ ದೂರ ಇರಬೇಕಂತೆ. ಸಂಜೆ ಹೊತ್ತು ಅವಳ ಅಜ್ಜ ಮೊರದಲ್ಲಿ ಹದಿನೆಂಟು ಥರದ ಬೀಜ ಹರವಿಕೊಂಡು ಕೂರುತ್ತಾರೆ. ಕುಸುಬಿ, ಅಗಸಿ, ಗುರೆಳ್ಳು, ಮಡಕಿ, ಹೆಸರು, ಎಲ್ಲ ಹೇಳಿದಳು. ಪುಟ್ಟ ಕಪ್ಪು ಬೀಜ ಒಂದಕ್ಕೆ ನಿಂತಳು. ‘ಕರಿ ಎಳ್ಳು’ ಅಂದಳು. ಅಜ್ಜ ಅದನ್ನು ಹಲ್ಲಿನ ನಡುವೆ ಇಟ್ಟು ಕಡಿದು, ಅವಳ ಮೂಗಿನ ಹತ್ತಿರ ಹಿಡಿದರು. ಉಳ್ಳಾಗಡ್ಡಿ ವಾಸನೆ.